ಸದ್ದಿನ ಪೆಟ್ಟಿಗೆ: ಓದುಗರ ಪ್ರಶ್ನೆ, ಉತ್ತರ

ಸುಂಟಿಕೊಪ್ಪದಲ್ಲಿ ಮಳೆ ಹಿಡಿದು ಹದಿನೈದು ದಿನವಾಯಿತು. ಅಂಗಡಿಯ ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಹೆಡ್‌ಫೋನ್ ಹಾಕದೆ ಏನೂ ಕೇಳಿಸುವುದಿಲ್ಲ. ಅಪ್ಪ ಶುರು ಮಾಡಿದ ಮೈಕ್‌ಸೆಟ್ ಕೆಲಸವನ್ನು ನಾನು ಹಿಡಿದು ಇಪ್ಪತ್ತಾರು ವರ್ಷವಾಯಿತು. ಮಳೆಗಾಲದಲ್ಲಿ ಮದುವೆ ಕಡಿಮೆ, ಸಭೆಯೂ ಕಡಿಮೆ. ಹಾಗಾಗಿ ಈಗ ನನ್ನ ಮೇಜಿನ ಮೇಲೆ ಆಂಪ್ಲಿಫೈಯರ್‌ಗಳಿಗಿಂತ ಪ್ರೋಗ್ರಾಂ ಹಾಕಿ ಓಡಿಸುವ, ಬೆರಳುದ್ದದ ಮೈಕ್ರೋಕಂಟ್ರೋಲರ್ ಬೋರ್ಡ್‌ಗಳೇ ಜಾಸ್ತಿ. ಎಕೋ, ಈಕ್ವಲೈಸರ್ ಪೆಟ್ಟಿಗೆಗಳನ್ನು ಕೊಳ್ಳುವ ಬದಲು ನಾವೇ ಪ್ರೋಗ್ರಾಂ ಬರೆದು ಮಾಡಿಕೊಳ್ಳಬಹುದು ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಏಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ಆರ್ಡುಯಿನೋ ಊನೋ ಇದೆ. ಮೈಕ್ ಜೋಡಿಸಿ ಎಕೋ ಮಾಡಲು ಹೊರಟೆ. ಬರೀ ಗರಗರ ಸದ್ದು ಬರುತ್ತದೆ, ಎಕೋ ಬರುವುದೇ ಇಲ್ಲ. ಎಲ್ಲಿ ತಪ್ಪಿದೆ? — ಡಿಪ್ಲೊಮಾ ವಿದ್ಯಾರ್ಥಿ, ಕುಶಾಲನಗರ

ನಿಮ್ಮ ಪ್ರೋಗ್ರಾಂನಲ್ಲಿ ದೊಡ್ಡ ತಪ್ಪಿಲ್ಲ. ಈ ಕೆಲಸಕ್ಕೆ ಆ ಬೋರ್ಡ್ ಸಾಲದು, ಅಷ್ಟೇ. ಲೆಕ್ಕ ಹಾಕಿ ನೋಡೋಣ.

ಎಕೋ ಅಂದರೆ ಸ್ವಲ್ಪ ಹೊತ್ತಿನ ಹಿಂದಿನ ಸದ್ದನ್ನು ನೆನಪಿಟ್ಟುಕೊಂಡು ಈಗಿನ ಸದ್ದಿಗೆ ಸೇರಿಸುವುದು. 0.3 ಸೆಕೆಂಡ್ ಹಿಂದಿನ ಸದ್ದು ಬೇಕು ಎನ್ನಿ. ಸದ್ದನ್ನು ಒಂದು ಸಲ ಅಳೆದ ಅಂಕಿಯೇ ಒಂದು ಸ್ಯಾಂಪಲ್. ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದಕ್ಕೆ 2 ಬೈಟ್. ಒಟ್ಟು 26,460 ಬೈಟ್ ನೆನಪು ಬೇಕು. ಊನೋದ ಎಟಿಮೆಗಾ328ಪಿ ಚಿಪ್‌ನಲ್ಲಿ ಇರುವುದು 2,048 ಬೈಟ್. ಅದರಲ್ಲೂ ಒಂದಷ್ಟನ್ನು ಪ್ರೋಗ್ರಾಂ ತಾನೇ ಬಳಸಿಕೊಳ್ಳುತ್ತದೆ. ಇನ್ನೊಂದು ತೊಡಕು ಅದರ ಎಡಿಸಿ, ಅಂದರೆ ಮೈಕ್ ಕೊಡುವ ವೋಲ್ಟೇಜನ್ನು ಅಂಕಿ ಮಾಡುವ ಭಾಗ. ಅದು 10 ಬಿಟ್‌ನದು, ಮಾಮೂಲಿ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ ಸುಮಾರು 9,600 ಸಲ ಮಾತ್ರ ಅಳೆಯುತ್ತದೆ. ಎಷ್ಟು ಸಲ ಅಳೆಯುತ್ತೇವೋ ಅದರ ಅರ್ಧದಷ್ಟು ಹರ್ಟ್ಸ್‌ವರೆಗಿನ ಸದ್ದು ಮಾತ್ರ ಸರಿಯಾಗಿ ಸಿಗುತ್ತದೆ. ಅದಕ್ಕಿಂತ ಮೇಲಿನದನ್ನು ಮೊದಲೇ ತಡೆಯದಿದ್ದರೆ ಅದು ಸುಳ್ಳು ಸದ್ದಾಗಿ ಕೆಳಗೆ ಬಂದು ಕೂರುತ್ತದೆ. ನಿಮಗೆ ಕೇಳುವ ಗರಗರದಲ್ಲಿ ಅದರ ಪಾಲೂ ಇದೆ.

ಕೆಲವು ನೂರು ರೂಪಾಯಿಗೆ ಇಎಸ್‌ಪಿ32 ಬೋರ್ಡ್ ಸಿಗುತ್ತದೆ. 240 ಮೆಗಾಹರ್ಟ್ಸ್ ವೇಗ, ಎರಡು ಕೋರ್, 520 ಕಿಲೋಬೈಟ್ ನೆನಪು. ಅದರ ಜೊತೆಗೆ ಐಎನ್‌ಎಂಪಿ441 ಎಂಬ ಡಿಜಿಟಲ್ ಮೈಕ್ ತೆಗೆದುಕೊಳ್ಳಿ. ಅದು ಐ2ಎಸ್ ಎಂಬ ಡಿಜಿಟಲ್ ಆಡಿಯೋ ತಂತಿಗಳಲ್ಲಿ ನೇರವಾಗಿ 24 ಬಿಟ್ ಅಂಕಿ ಕಳಿಸುತ್ತದೆ. ಇಎಸ್‌ಪಿ32ರ ಒಳಗಿರುವ ಎಡಿಸಿಯನ್ನು ಸಂಗೀತಕ್ಕೆ ನಂಬಬೇಡಿ. ಬಜೆಟ್ ಇದ್ದರೆ ಟೀನ್ಸಿ 4.1 ಬಹಳ ಒಳ್ಳೆಯದು. ಅದರದು 600 ಮೆಗಾಹರ್ಟ್ಸ್, ಆಡಿಯೋಗೆಂದೇ ಬರೆದ ಒಳ್ಳೆಯ ಲೈಬ್ರರಿ ಕೂಡ ಇದೆ. ಆದರೆ ಕಲಿಯಲು ಅಷ್ಟು ಖರ್ಚು ಬೇಡ ಅಂತ ನನ್ನ ಅಭಿಪ್ರಾಯ.

ನೆನಪನ್ನು ಸುತ್ತು ಬಳಸುವುದನ್ನು ಮೊದಲೇ ಕಲಿತುಕೊಳ್ಳಿ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯಲ್ಲಿ, ಮಂದ್ ಎಂಬ ಊರ ಬಯಲಿನಲ್ಲಿ ಕೋಲಾಟದವರು ವೃತ್ತದಲ್ಲಿ ಸುತ್ತು ಬರುತ್ತಾರಲ್ಲ, ಹಾಗೆ. ಬರೆಯುವ ಜಾಗ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತದೆ, ಕೊನೆ ಮುಟ್ಟಿದ ಕೂಡಲೇ ಮೊದಲಿಗೆ ಬರುತ್ತದೆ. ಓದುವ ಜಾಗ ಅದರ ಹಿಂದೆ 13,230 ಹೆಜ್ಜೆ ದೂರದಲ್ಲಿ ಬರುತ್ತಿರುತ್ತದೆ. ಆ ದೂರವೇ ನಿಮ್ಮ 0.3 ಸೆಕೆಂಡ್. ಹಳೆಯ ಸದ್ದನ್ನು ಮತ್ತೆ ಒಳಗೆ ಸೇರಿಸುವಾಗ ಒಂದಕ್ಕಿಂತ ಕಡಿಮೆ ಅಂಕಿಯಿಂದ ಗುಣಿಸಿ. 0.4ರಿಂದ ಶುರು ಮಾಡಿ. ಒಂದು ದಾಟಿದರೆ ಎಕೋ ಸಾಯುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ.

ಪ್ರಶ್ನೆ: ನಾವು ನಾಲ್ವರು ದುಡಿ ಹಿಡಿದು ಹಾಡುತ್ತೇವೆ. ದುಡಿಗೊಂದು, ಹಾಡಿಗೊಂದು ಎಂದು ಎರಡು ಮೈಕ್ ಸೇರಿಸಿ, ಬೇಡದ ಸದ್ದು ತೆಗೆಯುವ ಫಿಲ್ಟರ್ ಹಾಕಿ ಹೊರಗೆ ಕೊಡುವ ಪೆಟ್ಟಿಗೆಯನ್ನು ಇಎಸ್‌ಪಿ32ರಲ್ಲಿ ಮಾಡಿದ್ದೇನೆ. ಮೂರು ತೊಂದರೆ ಇದೆ. ಫಿಲ್ಟರ್ ಹಾಕಿದ ಕೂಡಲೇ ಗುಂಯ್ ಎಂಬ ಸದ್ದು. ಸೆಕೆಂಡಿಗೊಮ್ಮೆ ಟಕ್ ಅನ್ನುತ್ತದೆ. ದುಡಿ ಜೋರಾಗಿ ಬಡಿದರೆ ಚರ್ರ್ ಎಂದು ಒಡೆದ ಹಾಗಾಗುತ್ತದೆ. ಒಂದು ಸಲಕ್ಕೆ 128 ಸ್ಯಾಂಪಲ್ ತೆಗೆದುಕೊಳ್ಳುತ್ತೇನೆ. ಕೋಡ್ ಕಳಿಸಿದ್ದೇನೆ. — ಓದುಗರು, ಗೋಣಿಕೊಪ್ಪ

ನಿಮ್ಮ ಕೋಡನ್ನು ಎರಡು ಸಲ ಓದಿದೆ. ಮೂರೂ ಬೇರೆ ಬೇರೆ ಕಾಯಿಲೆ. ಗುಂಯ್ ಸದ್ದಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ನನ್ನ ಎರಡು ರಾತ್ರಿ ನಿದ್ದೆ ತೆಗೆದಿತ್ತು.

ಮೂರು ವರ್ಷದ ಹಿಂದೆ ನನ್ನ ಪೆಟ್ಟಿಗೆಯಲ್ಲೂ ಇದೇ ಸದ್ದು. ಕರೆಂಟಿನ ಗುಂಯ್ ಇರಬೇಕು ಎಂದುಕೊಂಡು ತಂತಿ ಬದಲಿಸಿದೆ, ಅರ್ಥ್ ಬಿಗಿ ಮಾಡಿದೆ, ಅಡಾಪ್ಟರ್ ತೆಗೆದು ಬ್ಯಾಟರಿ ಹಾಕಿದೆ. ಏನೂ ಬದಲಾಗಲಿಲ್ಲ. ಎರಡನೇ ರಾತ್ರಿ ಅಂಗಡಿಯ ಮೂಲೆಯಲ್ಲಿದ್ದ ಹಾರ್ಮೋನಿಯಂ ತೆಗೆದು ಆ ಸದ್ದಿನ ಶ್ರುತಿ ಹುಡುಕಿದೆ. ಬಿಳಿ ನಾಲ್ಕಕ್ಕಿಂತ ಒಂದು ಕೂದಲೆಳೆ ಕೆಳಗೆ ನಿಂತಿತು. ಫೋನಿನ ಟ್ಯೂನರ್ 344 ಎಂದು ತೋರಿಸಿತು. ಕರೆಂಟಿನ ಸದ್ದಾದರೆ 50 ಅಥವಾ 100 ಇರಬೇಕಿತ್ತು. ಹಾಗಾದರೆ 344 ಎಲ್ಲಿಂದ ಬಂತು? ಕಾಗದದ ಮೇಲೆ 44,100ನ್ನು 128ರಿಂದ ಭಾಗಿಸಿದೆ. 344.5! ಸದ್ದು ಹೊರಗಿನಿಂದ ಬರುತ್ತಿರಲಿಲ್ಲ. ನನ್ನ ಪ್ರೋಗ್ರಾಂ ಸೆಕೆಂಡಿಗೆ 344 ಸಲ ಏನೋ ಒಂದು ತಪ್ಪು ಮಾಡುತ್ತಿತ್ತು, ಆ ತಪ್ಪೇ ಒಂದು ಸ್ವರವಾಗಿ ಕೇಳುತ್ತಿತ್ತು.

ತಪ್ಪು ಇಷ್ಟೇ. ನೀವು ಬಳಸಿರುವ ಬೈಕ್ವಾಡ್ ಎಂಬ ಮಾದರಿಯ ಫಿಲ್ಟರ್ ಈಗಿನ ಸ್ಯಾಂಪಲ್ ಜೊತೆಗೆ ಹಿಂದಿನ ಎರಡು ಒಳಬಂದ ಅಂಕಿ, ಹಿಂದಿನ ಎರಡು ಹೊರಹೋದ ಅಂಕಿಗಳನ್ನು ನೆನಪಿಟ್ಟುಕೊಳ್ಳಬೇಕು. ಐದು ಗುಣಾಕಾರ, ನಾಲ್ಕು ಕೂಡು–ಕಳೆ, ಅಷ್ಟರಲ್ಲಿ ಅದರ ಕೆಲಸ ಮುಗಿಯುತ್ತದೆ. ಆ ನಾಲ್ಕು ನೆನಪುಗಳನ್ನು ನೀವು ಫಂಕ್ಷನ್‌ನ ಒಳಗೆ ಸೊನ್ನೆಯಿಂದ ಶುರು ಮಾಡಿದ್ದೀರಿ. ನಾನೂ ಹಾಗೇ ಮಾಡಿದ್ದೆ. 128 ಸ್ಯಾಂಪಲ್‌ನ ಪ್ರತಿ ಕಂತು ಬಂದಾಗಲೂ ಫಿಲ್ಟರ್ ಎಲ್ಲವನ್ನೂ ಮರೆತು ಹೊಸದಾಗಿ ಶುರು ಮಾಡುತ್ತದೆ. ಕಂತಿನ ಗಡಿಯಲ್ಲಿ ಸಣ್ಣ ಜಿಗಿತ. ಸೆಕೆಂಡಿಗೆ 344 ಜಿಗಿತ. ಆ ನಾಲ್ಕು ಅಂಕಿಗಳನ್ನು ಫಂಕ್ಷನ್‌ನ ಹೊರಗೆ ತನ್ನಿ, ಇಲ್ಲವೇ ಸ್ಟ್ಯಾಟಿಕ್ ಮಾಡಿ, ಆಗ ಅವು ಅಳಿಯದೆ ಉಳಿಯುತ್ತವೆ. ಒಂದೊಂದು ಮೈಕ್‌ಗೆ ಒಂದೊಂದು ಜೊತೆ ಬೇರೆಯೇ ಇರಲಿ. ಖಾತ್ರಿ ಬೇಕಾದರೆ ಸರಿಪಡಿಸುವ ಮೊದಲು ಕಂತನ್ನು 256ಕ್ಕೆ ಏರಿಸಿ ಕೇಳಿ. ಗುಂಯ್ ಸರಿಯಾಗಿ ಒಂದು ಸಪ್ತಕ ಕೆಳಗಿಳಿದರೆ ಕಾಯಿಲೆ ಇದೇ.

ಇನ್ನು ಟಕ್. ಆಡಿಯೋ ಕೆಲಸ ಮಾಡುವ ಫಂಕ್ಷನ್‌ನಲ್ಲೇ ಸೆಕೆಂಡಿಗೊಮ್ಮೆ ಸೀರಿಯಲ್ ಪ್ರಿಂಟ್ ಮಾಡಿ, ಅಂದರೆ ಕಂಪ್ಯೂಟರಿಗೆ ಅಕ್ಷರ ಕಳಿಸಿ, ಮೈಕ್ ಮಟ್ಟ ನೋಡುತ್ತಿದ್ದೀರಿ. 115200 ಬಾಡ್ ಅಂದರೆ ಸೆಕೆಂಡಿಗೆ 11,520 ಅಕ್ಷರ. 40 ಅಕ್ಷರ ಹೋಗಲು ಸುಮಾರು 3.5 ಮಿಲಿಸೆಕೆಂಡ್ ಬೇಕು. ನಿಮ್ಮ 128ರ ಕಂತಿಗೆ ಇರುವ ಸಮಯ 2.9 ಮಿಲಿಸೆಕೆಂಡ್. ನೀವು ಕಳಿಸುವ ಸಾಲು ಇನ್ನೂ ಉದ್ದ ಇದೆ. ಕಳಿಸುವ ಸರದಿ ತುಂಬಿದ ಮೇಲೆ ಪ್ರೋಗ್ರಾಂ ಅಲ್ಲೇ ನಿಂತು ಕಾಯುತ್ತದೆ. ಆದರೆ ಸದ್ದು ಕಾಯುವುದಿಲ್ಲ. ಮುಂದಿನ ಕಂತು ಹೊರಗೆ ಹೋಗಬೇಕಾದ ಹೊತ್ತಿಗೆ ಕೈ ಖಾಲಿ. ಅದೇ ಟಕ್.

ನನ್ನ ಹತ್ತಿರ ಇದಕ್ಕೆ ಒಂದೇ ಕಟ್ಟುಪಾಡು. ಆಡಿಯೋ ಫಂಕ್ಷನ್‌ನಲ್ಲಿ ಪ್ರಿಂಟ್ ಇಲ್ಲ, ಮೆಮೊರಿ ಹೊಸದಾಗಿ ಕೇಳುವುದಿಲ್ಲ, ಎಸ್‌ಡಿ ಕಾರ್ಡ್ ಮುಟ್ಟುವುದಿಲ್ಲ, ಡಿಲೇ ಇಲ್ಲ. ಮಟ್ಟವನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟು ಬಿಡಿ. ಇನ್ನೊಂದು ಕೋರ್‌ನಲ್ಲಿ ಬೇರೆ ಟಾಸ್ಕ್ ಅದನ್ನು ಓದಿ ತೋರಿಸಲಿ. ಸಮಯ ಎಷ್ಟು ಉಳಿದಿದೆ ಎಂದು ತಿಳಿಯಲು ಫಂಕ್ಷನ್ ಶುರುವಿನಲ್ಲಿ ಒಂದು ಪಿನ್ ಮೇಲೆ ಮಾಡಿ, ಮುಗಿದಾಗ ಕೆಳಗೆ ಮಾಡಿ. ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪ್‌ನಲ್ಲಿ ಅದು ಹಲ್ಲಿನ ಸಾಲಿನ ಹಾಗೆ ಕಾಣುತ್ತದೆ. ಹಲ್ಲು ಅಗಲವಾಗುತ್ತಾ ಸಂದು ಕಿರಿದಾದಂತೆ ಅಪಾಯ ಹತ್ತಿರ ಬಂತು ಎಂದು ಅರ್ಥ. ಅರ್ಧಕ್ಕಿಂತ ಜಾಸ್ತಿ ತುಂಬಿದರೆ ನಾನು ಮುಂದೆ ಏನನ್ನೂ ಸೇರಿಸುವುದಿಲ್ಲ.

ಇನ್ನೊಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು. ನೀವು ಬರೀ 0.5 ಎಂದು ಬರೆದಿದ್ದೀರಿ. ಸಿ ಭಾಷೆಯಲ್ಲಿ ಅದು ಡಬಲ್, ಅಂದರೆ 64 ಬಿಟ್‌ನ ದಶಮಾಂಶ ಅಂಕಿ. ಇಎಸ್‌ಪಿ32ರ ಯಂತ್ರಾಂಶಕ್ಕೆ ಬರುವುದು 32 ಬಿಟ್‌ನ ಫ್ಲೋಟ್ ಲೆಕ್ಕ ಮಾತ್ರ. ಡಬಲ್ ಬಂದರೆ ಸಾಫ್ಟ್‌ವೇರ್‌ನಲ್ಲಿ ನಿಧಾನವಾಗಿ ಮಾಡುತ್ತದೆ. ಕೊನೆಗೆ ಒಂದು ಎಫ್ ಅಕ್ಷರ ಸೇರಿಸಿ. ಅಷ್ಟರಿಂದಲೇ ಹಲ್ಲು ಎಷ್ಟು ಕಿರಿದಾಗುತ್ತದೆ ನೋಡಿ.

ಕೊನೆಯದು ಚರ್ರ್. 16 ಬಿಟ್ ಅಂಕಿಯ ಗರಿಷ್ಠ 32,767. ದುಡಿ ಮೈಕ್‌ನಲ್ಲಿ 30,000, ಹಾಡಿನ ಮೈಕ್‌ನಲ್ಲಿ 10,000 ಇದ್ದಾಗ ಕೂಡಿದರೆ 40,000 ಆಗಬೇಕು. 16 ಬಿಟ್‌ನಲ್ಲಿ ಅದು −25,536 ಆಗುತ್ತದೆ. ಪೂರ್ತಿ ಹೊರಗೆ ಬರುತ್ತಿದ್ದ ಸ್ಪೀಕರ್ ಕೋನ್ ಒಂದೇ ಕ್ಷಣದಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ಒಂದು ಹುತ್ತರಿ ರಾತ್ರಿ ನಾನು ಕಟ್ಟಿದ ಪೆಟ್ಟಿಗೆ ಹೀಗೆ ಮಾಡಿತು. ಸ್ಪೀಕರ್ ಹತ್ತಿರ ಕೂತಿದ್ದ ಹಿರಿಯರೊಬ್ಬರು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ಆ ಮುಖ ಈಗಲೂ ಕಣ್ಣ ಮುಂದಿದೆ. ಕೂಡುವುದನ್ನು 32 ಬಿಟ್‌ನಲ್ಲಿ ಮಾಡಿ. 32,767 ದಾಟಿದರೆ ಅಲ್ಲೇ ನಿಲ್ಲಿಸಿ, ಕೆಳಗೆ −32,768ರಲ್ಲಿ ನಿಲ್ಲಿಸಿ. ಆಮೇಲೆ 16ಕ್ಕೆ ಇಳಿಸಿ. ಇದು ರಕ್ಷಣೆ ಮಾತ್ರ, ಸದ್ದು ಚಪ್ಪಟೆಯಾಗುವುದು ತಪ್ಪುವುದಿಲ್ಲ. ಸರಿಯಾದ ದಾರಿ ಎರಡೂ ಮೈಕ್‌ಗಳ ಮಟ್ಟ ಮೊದಲೇ ಅರ್ಧಕ್ಕೆ ಇಳಿಸುವುದು. ದುಡಿಯ ಪೆಟ್ಟು ಹಾಡಿಗಿಂತ ಎಷ್ಟೋ ಪಾಲು ಚೂಪು. ಅದಕ್ಕೆ ಜಾಗ ಬಿಡಬೇಕು.

ಪ್ರಶ್ನೆ: ಇಂಥ ಪುಟ್ಟ ಬೋರ್ಡ್‌ಗಳಿಗೆ ಮಾಡಿದ ಪೈಥಾನ್ ಭಾಷೆ, ಮೈಕ್ರೋಪೈಥಾನ್, ನನಗೆ ಚೆನ್ನಾಗಿ ಬರುತ್ತದೆ. ಅದರಲ್ಲೇ ಫಿಲ್ಟರ್ ಬರೆಯಬಹುದಾ? — ಶಿಕ್ಷಕರು, ಕುಟ್ಟ

ಗುಂಡಿ, ದೀಪ, ಪರದೆಗೆ ಧಾರಾಳವಾಗಿ ಬಳಸಿ. ಒಂದೊಂದೇ ಸ್ಯಾಂಪಲ್ ಲೆಕ್ಕಕ್ಕೆ ಬೇಡ. ಅದು ನಡುನಡುವೆ ಬೇಡವಾದ ನೆನಪನ್ನು ಗುಡಿಸಿ ಖಾಲಿ ಮಾಡಲು ನಿಲ್ಲುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಹೇಳಲಾಗುವುದಿಲ್ಲ. 44,100ರಲ್ಲಿ ಒಂದು ಸ್ಯಾಂಪಲ್‌ಗೆ ಸಿಗುವುದು 22.7 ಮೈಕ್ರೋಸೆಕೆಂಡ್ ಮಾತ್ರ. ಸಿ ಅಥವಾ ಸಿ++ ಕಲಿಯಿರಿ. ಫೌಸ್ಟ್ (Faust) ಎಂಬ ಭಾಷೆಯೂ ಇದೆ, ಫ್ರಾನ್ಸಿನ ಲಿಯೋಂ ನಗರದ ಗ್ರಾಮ್ ಕೇಂದ್ರದಲ್ಲಿ ಹುಟ್ಟಿದ್ದು. ಫಿಲ್ಟರ್, ಎಕೋಗಳನ್ನು ಕೆಲವೇ ಸಾಲಿನಲ್ಲಿ ಹೇಳಿದರೆ ಅದೇ ಸಿ++ ಬರೆದು ಕೊಡುತ್ತದೆ. ಟೀನ್ಸಿಗೂ ಇಎಸ್‌ಪಿ32ಗೂ ಆಗುತ್ತದೆ. ಪಾಠ ಮಾಡುವವರಿಗೆ ಇಷ್ಟವಾಗಬಹುದು.

ಪ್ರಶ್ನೆ: ನಮ್ಮ ಊರಿನ ಸಭಾಂಗಣದ ಮೈಕ್‌ಸೆಟ್‌ನಲ್ಲಿ ಗುಂಯ್ ಸದ್ದು ನಿಲ್ಲುವುದೇ ಇಲ್ಲ. 50 ಹರ್ಟ್ಸ್ ಕತ್ತರಿಸುವ ನಾಚ್ ಫಿಲ್ಟರ್ ಅನ್ನು 16 ಬಿಟ್ ಅಂಕಿಗಳಲ್ಲಿ ಬರೆದೆ. ಗುಂಯ್ ಹಾಗೇ ಇದೆ. ಅರ್ಥ್ ಪಿನ್ ತೆಗೆದರೆ ಮಾತ್ರ ನಿಲ್ಲುತ್ತದೆ. — ಓದುಗರು, ಸೋಮವಾರಪೇಟೆ

ಮೊದಲು ಅರ್ಥ್ ಪಿನ್ ವಾಪಸ್ ಹಾಕಿ. ಈ ಪತ್ರಿಕೆ ಕೆಳಗಿಟ್ಟು ಹೋಗಿ ಹಾಕಿ ಬನ್ನಿ. ನಮ್ಮ ಮಳೆಯಲ್ಲಿ ಗೋಡೆ ಒದ್ದೆ, ನೆಲ ಒದ್ದೆ, ಮೈಕ್ ಹಿಡಿದವರ ಕೈಯೂ ಒದ್ದೆ. ಆಂಪ್ಲಿಫೈಯರ್ ಒಳಗೆ ಒಂದು ತಂತಿ ಸಡಿಲವಾದರೆ ಮೈಕ್‌ನ ಲೋಹವೇ ಜೀವ ತೆಗೆಯುತ್ತದೆ. ಗುಂಯ್ ಸದ್ದಿನಿಂದ ಯಾರೂ ಸಾಯುವುದಿಲ್ಲ.

ಪಿನ್ ತೆಗೆದರೆ ನಿಲ್ಲುತ್ತದೆ ಎನ್ನುವುದೇ ಒಂದು ಸುಳಿವು. ಎರಡು ಕಡೆಯಿಂದ ಅರ್ಥ್ ಸಿಕ್ಕಿ ಉಂಗುರವಾಗಿದೆ. ಮಿಕ್ಸರ್ ಒಂದು ಪ್ಲಗ್‌ನಲ್ಲಿ, ಆಂಪ್ಲಿಫೈಯರ್ ಸಭಾಂಗಣದ ಆ ತುದಿಯ ಪ್ಲಗ್‌ನಲ್ಲಿ ಇರಬೇಕು, ಅಲ್ವಾ? ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಆಗದಿದ್ದರೆ ಆಡಿಯೋ ತಂತಿಯ ನಡುವೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಉಂಗುರ ಅಲ್ಲಿ ಕಡಿಯುತ್ತದೆ, ಅರ್ಥ್ ಹಾಗೇ ಉಳಿಯುತ್ತದೆ.

ಈಗ ನಿಮ್ಮ ಫಿಲ್ಟರ್. ಇದು ನನಗೆ ಬಹಳ ಇಷ್ಟವಾದ ಲೆಕ್ಕ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾಚ್ ಎಲ್ಲಿ ಕೂರಬೇಕು ಎಂದು ತೀರ್ಮಾನ ಮಾಡುವುದು ಒಂದೇ ಅಂಕಿ, ಆ ಕಂಪನದ ಕೋಸೈನ್‌ನ ಎರಡರಷ್ಟು. 44,100 ಸ್ಯಾಂಪಲ್‌ನಲ್ಲಿ 50 ಹರ್ಟ್ಸ್ ಅಂದರೆ ಬಹಳ ನಿಧಾನದ ಅಲೆ. ಹಾಗಾಗಿ ಆ ಅಂಕಿ 1.99995, ಎರಡಕ್ಕೆ ಅಂಟಿಕೊಂಡೇ ಇದೆ. ಎರಡರವರೆಗಿನ ಅಂಕಿಯನ್ನು 16 ಬಿಟ್‌ನಲ್ಲಿ ಇಡುವಾಗ ಒಂದು ಮೆಟ್ಟಿಲು 0.00006. ಎರಡರ ಕೆಳಗಿನ ಮೊದಲ ಮೆಟ್ಟಿಲಿನಲ್ಲಿ ನಾಚ್ ಸುಮಾರು 55 ಹರ್ಟ್ಸ್‌ನಲ್ಲಿ ಕೂರುತ್ತದೆ. ಅದರ ಕೆಳಗಿನ ಮೆಟ್ಟಿಲು 77. ನಡುವೆ ಏನೂ ಇಲ್ಲ. 50 ಎನ್ನುವ ಜಾಗವೇ ನಿಮ್ಮ ಅಂಕಿಗಳಲ್ಲಿ ಇಲ್ಲ. ನೀವು ಕತ್ತರಿಸುತ್ತಿರುವುದು 55ನ್ನು, ಗುಂಯ್ ಪಕ್ಕದಲ್ಲಿ ಆರಾಮವಾಗಿ ಕೂತಿದೆ.

ಫ್ಲೋಟ್‌ಗೆ ಬದಲಿಸಿ, ಸರಿಯಾಗುತ್ತದೆ. ನಿಮ್ಮ ಚಿಪ್‌ನಲ್ಲಿ ಫ್ಲೋಟ್ ಯಂತ್ರಾಂಶ ಇಲ್ಲದಿದ್ದರೆ 32 ಬಿಟ್ ಅಂಕಿ ಬಳಸಿ. ರಾಸ್ಪ್‌ಬೆರಿ ಪೈ ಪೀಕೋದ ಮೊದಲ ಮಾದರಿ ಅಂಥದ್ದು. 100 ಹರ್ಟ್ಸ್‌ಗೂ ಇನ್ನೊಂದು ನಾಚ್ ಬೇಕಾಗಬಹುದು. ಕರೆಂಟನ್ನು ನೇರ ಮಾಡುವ ಸರ್ಕ್ಯೂಟಿನಿಂದ ಬರುವ ಗುಂಯ್ 100ರಲ್ಲೇ ಇರುತ್ತದೆ. ಆದರೆ ತಂತಿ ಸರಿ ಮಾಡಿದ ಮೇಲೆ ಫಿಲ್ಟರ್ ಬೇಕೇ ಎಂದು ಮೊದಲು ಕೇಳಿ ನೋಡಿ.

ಪ್ರಶ್ನೆ: ದಸರಾ ಮಂಟಪದ ಸದ್ದು ದೂರ ನಿಂತವರಿಗೂ ಕೇಳಲಿ ಎಂದು 20 ಮೀಟರ್ ಮುಂದೆ ಇನ್ನೊಂದು ಜೊತೆ ಸ್ಪೀಕರ್ ಇಟ್ಟೆವು. ಅಲ್ಲಿ ನಿಂತರೆ ಮಾತು ಎರಡೆರಡು ಸಲ ಕೇಳುತ್ತದೆ. — ಮಂಟಪ ಸಮಿತಿಯ ಯುವಕರು, ಮಡಿಕೇರಿ

ತಂತಿಯಲ್ಲಿ ಸದ್ದು ಕ್ಷಣದಲ್ಲಿ ಮುಟ್ಟುತ್ತದೆ, ಗಾಳಿಯಲ್ಲಿ ನಡೆದು ಬರುತ್ತದೆ. 20 ಡಿಗ್ರಿ ಹವೆಯಲ್ಲಿ ಸೆಕೆಂಡಿಗೆ 343 ಮೀಟರ್. 20 ಮೀಟರ್ ಬರಲು 58 ಮಿಲಿಸೆಕೆಂಡ್. ಮುಂದಿನ ಸ್ಪೀಕರ್‌ಗೆ ಹೋಗುವ ಸದ್ದನ್ನು ಅಷ್ಟು ಹೊತ್ತು ತಡೆದು ಬಿಡಿ. 44,100ರಲ್ಲಿ ಅದು 2,571 ಸ್ಯಾಂಪಲ್, 5 ಕಿಲೋಬೈಟ್‌ಗಿಂತ ಸ್ವಲ್ಪ ಜಾಸ್ತಿ. ಮೇಲೆ ಎಕೋಗೆ ಹೇಳಿದ ಸುತ್ತು ನೆನಪೇ ಇಲ್ಲಿಯೂ. ಹಳೆಯದನ್ನು ಒಳಗೆ ವಾಪಸ್ ಸೇರಿಸಬೇಡಿ, ಅಷ್ಟೇ. ಇನ್ನೂ 10 ಮಿಲಿಸೆಕೆಂಡ್ ಜಾಸ್ತಿ ತಡೆದರೆ ಒಳ್ಳೆಯದು. ಆಗ ಮೊದಲು ಮಂಟಪದ ಕಡೆಯಿಂದ ಸದ್ದು ಬರುತ್ತದೆ, ಕಿವಿ ಅದನ್ನೇ ಮೂಲ ಎಂದು ಹಿಡಿಯುತ್ತದೆ. ಜನ ಸ್ಪೀಕರ್ ಕಡೆ ತಿರುಗುವುದಿಲ್ಲ, ಮಂಟಪದ ಕಡೆಯೇ ನೋಡುತ್ತಾರೆ. ದೂರ ಬದಲಾದಾಗ ತಿರುಗಿಸಲು ಒಂದು ಗುಂಡಿ ಇಡಿ, ಅದರ ಮೇಲೆ ಮೀಟರ್‌ನಲ್ಲೇ ಅಂಕಿ ಬರೆಯಿರಿ. ರಾತ್ರಿ ಎರಡು ಗಂಟೆಗೆ ಯಾರೂ ಮಿಲಿಸೆಕೆಂಡ್ ಲೆಕ್ಕ ಹಾಕುವುದಿಲ್ಲ.

ಪ್ರಶ್ನೆ: ನಮ್ಮ ಕಾಫಿ ತೋಟಕ್ಕೆ ಆನೆ ಬರುತ್ತದೆ. ಬೆಳಿಗ್ಗೆ ಕೆಲಸದವರು ಬರುವ ಮೊದಲು ಗೊತ್ತಾದರೆ ಸಾಕು. ಮೈಕ್ ಇಟ್ಟು ಆನೆ ಸದ್ದು ಗುರುತಿಸುವ ಪ್ರೋಗ್ರಾಂ ಬರೆಯಬಹುದಾ? — ಬೆಳೆಗಾರರು, ಸಿದ್ದಾಪುರ

ನಿಮ್ಮ ಪತ್ರವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತೆ. ಸಿದ್ದಾಪುರದ ಕಡೆ ಬೆಳಿಗ್ಗೆ ತೋಟಕ್ಕೆ ಹೊರಟವರ ಮನೆಯಲ್ಲಿ ಇರುವ ಭಯ ನನಗೂ ಗೊತ್ತು. ಅದಕ್ಕೇ ನೇರವಾಗಿ ಹೇಳುತ್ತೇನೆ. ಜನರ ಜೀವವನ್ನು ಈ ಪೆಟ್ಟಿಗೆಯ ಮೇಲೆ ಬಿಡಬೇಡಿ. ಈಗ ಮಾಡುತ್ತಿರುವ ಕಾವಲು, ಫೋನು, ಅರಣ್ಯ ಇಲಾಖೆಯವರ ಸೂಚನೆ ಯಾವುದನ್ನೂ ಬಿಡದೆ ಅದರ ಜೊತೆಗೆ ಇದನ್ನು ಮಾಡಿ.

ಆನೆ ಘೀಳಿಡುವುದನ್ನು ಹಿಡಿಯುವುದು ಸುಲಭ. ಆದರೆ ಘೀಳಿಡದೆ ಬರುವ ಆನೆಯೇ ಜಾಸ್ತಿ. ಅವು ತಮ್ಮಲ್ಲಿ ಮಾತಾಡುವುದು ನಮ್ಮ ಕಿವಿಗೆ ಕೇಳದ ಆಳದ ಸದ್ದಿನಲ್ಲಿ. ಕೇಟಿ ಪೇನ್ ಎಂಬ ವಿಜ್ಞಾನಿ 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಪಕ್ಕ ನಿಂತಾಗ ಗಾಳಿಯಲ್ಲಿ ಒಂದು ನಡುಕವನ್ನು ಗಮನಿಸಿದರು. ರೆಕಾರ್ಡ್ ಮಾಡಿ ನೋಡಿದಾಗ ಆ ಕರೆಗಳ ಮೂಲ ಕಂಪನ 14ರಿಂದ 24 ಹರ್ಟ್ಸ್ ಎಂದು ತಿಳಿಯಿತು. ನಮಗೆ ಬೇಕಾದದ್ದು ಅದು.

ಮೊದಲ ಅಡ್ಡಿ ಮೈಕ್. ನಾವೆಲ್ಲ ಬಳಸುವ ಐಎನ್‌ಎಂಪಿ441ಗೆ ತಯಾರಕರು ಹೇಳುವ ವ್ಯಾಪ್ತಿ 60 ಹರ್ಟ್ಸ್‌ನಿಂದ ಮೇಲಕ್ಕೆ. ಅದರ ಕೆಳಗೆ ಕಿವುಡಾಗುತ್ತಾ ಹೋಗುತ್ತದೆ. 10 ಹರ್ಟ್ಸ್‌ವರೆಗೂ ಇಳಿಯುವ ಮೈಕ್ ಹುಡುಕಬೇಕು, ಅಥವಾ ನೆಲದ ಕಂಪನ ಹಿಡಿಯುವ ಜಿಯೋಫೋನ್.

ಎರಡನೇ ಅಡ್ಡಿ ನಮ್ಮದೇ ಜನರೇಟರ್. ಕರೆಂಟ್ ಹೋದಾಗ ತೋಟದ ಮನೆಗಳಲ್ಲಿ ಓಡುವ ದೊಡ್ಡ ಡೀಸೆಲ್ ಜನರೇಟರ್‌ನ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 1,500 ಸುತ್ತು. ಸೆಕೆಂಡಿಗೆ 25. ಆನೆಯ 24ರ ಪಕ್ಕದಲ್ಲೇ! ಮರದ ನಡುವಿನ ಗಾಳಿಯೂ ಅದೇ ಕೆಳಗಿನ ಪಟ್ಟಿಯಲ್ಲಿ ಮೈಕನ್ನು ಗುದ್ದುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಜನರೇಟರ್ ಗಂಟೆಗಟ್ಟಲೆ ಒಂದೇ ಗೆರೆಯಲ್ಲಿ ನಿಲ್ಲುತ್ತದೆ. ಆನೆಯ ಕರೆ ಹತ್ತು ಹದಿನೈದು ಸೆಕೆಂಡಿನಲ್ಲಿ ಏರಿ ಇಳಿದು ಮುಗಿಯುತ್ತದೆ.

ಲೆಕ್ಕ ಹೀಗೆ ಮಾಡಿ. ಸೆಕೆಂಡಿಗೆ 16,000 ಸ್ಯಾಂಪಲ್ ತೆಗೆದುಕೊಳ್ಳಿ. ಮೇಲಿನ ಸದ್ದನ್ನು ಲೋ ಪಾಸ್ ಫಿಲ್ಟರ್‌ನಿಂದ ತಡೆದು 64ಕ್ಕೆ ಒಂದನ್ನು ಮಾತ್ರ ಇಟ್ಟುಕೊಳ್ಳಿ, ಸೆಕೆಂಡಿಗೆ 250 ಉಳಿಯುತ್ತದೆ. ಅದರಲ್ಲಿ 256 ಸೇರಿಸಿ ಎಫ್‌ಎಫ್‌ಟಿ (ಸದ್ದಿನಲ್ಲಿ ಯಾವ ಕಂಪನ ಎಷ್ಟಿದೆ ಎಂದು ಬಿಡಿಸುವ ಲೆಕ್ಕ) ಮಾಡಿದರೆ ಸುಮಾರು ಒಂದೊಂದು ಹರ್ಟ್ಸ್‌ಗೆ ಒಂದು ಕೋಣೆ ಸಿಗುತ್ತದೆ. 20ನೇ ಕೋಣೆಯಲ್ಲಿ ಏನಿದೆ, 25ನೆಯದರಲ್ಲಿ ಏನಿದೆ ಎಂದು ಬೇರೆ ಬೇರೆ ನೋಡಬಹುದು. ಇಎಸ್‌ಪಿ32ಗೆ ಇದು ಬಹಳ ಹಗುರ ಕೆಲಸ.

ಆದರೆ ಇವತ್ತೇ ಗುರುತಿಸುವ ಪ್ರೋಗ್ರಾಂ ಬರೆಯಬೇಡಿ. ಮೊದಲು ಸುಮ್ನೆ ರೆಕಾರ್ಡ್ ಮಾಡಿ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ 16 ಬಿಟ್‌ನಲ್ಲಿ ಬರೆದರೆ ರಾತ್ರಿಗೆ 1.4 ಗಿಗಾಬೈಟ್ ಹತ್ತಿರ ಆಗುತ್ತದೆ. 32 ಗಿಗಾಬೈಟ್ ಕಾರ್ಡ್‌ನಲ್ಲಿ 23 ರಾತ್ರಿ ಹಿಡಿಯುತ್ತದೆ. ಕಾರ್ಡ್ ಬರೆಯುವಾಗ ಕೆಲವೊಮ್ಮೆ ನೂರು ಮಿಲಿಸೆಕೆಂಡ್‌ಗೂ ಜಾಸ್ತಿ ಹೊತ್ತು ಉತ್ತರ ಕೊಡದೆ ಕೂತುಬಿಡುತ್ತದೆ. ಅಷ್ಟರಲ್ಲಿ ಸದ್ದು ಕಳೆದುಹೋಗದಂತೆ ಕಾಲು ಸೆಕೆಂಡಿನ ಬಫರ್ ಇಡಿ, 8 ಕಿಲೋಬೈಟ್ ಸಾಕು. ಜೊತೆಗೆ ಒಂದು ನೋಟ್‌ಬುಕ್. ಯಾವ ರಾತ್ರಿ ಆನೆ ಬಂತು, ಎಲ್ಲಿ ಲದ್ದಿ ಕಂಡಿತು, ಯಾವ ಬಾಳೆ ಮುರಿದಿದೆ, ಜನರೇಟರ್ ಎಷ್ಟು ಗಂಟೆಗೆ ಓಡಿತು, ಎಲ್ಲ ಬರೆಯಿರಿ. ಕಾರ್ಡ್ ಮತ್ತು ನೋಟ್‌ಬುಕ್ ಎರಡನ್ನೂ ತನ್ನಿ. ನಾವಿಬ್ಬರೂ ಕೂತು ನೋಡೋಣ. ನಿಮ್ಮ ತೋಟದ ರಾತ್ರಿ ಹೇಗಿದೆ ಎಂದು ಗೊತ್ತಾಗದೆ ಯಾವ ಅಂಕಿಗೆ ಗಂಟೆ ಹೊಡೆಯಬೇಕು ಎಂದು ಹೇಳುವುದು ಸರಿಯಲ್ಲ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಅಣ್ಣ ಇಎಸ್‌ಪಿ32, ಮೈಕ್, ಸಣ್ಣ ಸ್ಪೀಕರ್ ತಂದುಕೊಟ್ಟಿದ್ದಾನೆ. ನಮ್ಮ ಮನೆ ಹಿಂದೆ ಬೆಳಿಗ್ಗೆ ಒಂದು ಹಕ್ಕಿ ಮನುಷ್ಯರ ಹಾಗೆ ಸಿಳ್ಳೆ ಹಾಕುತ್ತದೆ. ಅದು ಎಷ್ಟು ಸಲ ಹಾಡಿತು ಎಂದು ಎಣಿಸಬೇಕು. ಎಲ್ಲಿಂದ ಶುರು ಮಾಡಲಿ? — ವಿದ್ಯಾರ್ಥಿನಿ, ನಾಪೋಕ್ಲು

ಅದು ಮಲಬಾರ್ ಸಿಳ್ಳಾರ ಇರಬೇಕು, ಮಳೆಗಾಲದಲ್ಲಿ ಹೊಳೆ ಬದಿಯಲ್ಲಿ ಬೆಳಕು ಹರಿಯುವ ಮೊದಲೇ ಶುರು ಮಾಡುತ್ತದೆ. ಒಳ್ಳೆಯ ಹಕ್ಕಿ ಆರಿಸಿದ್ದೀಯಾ. ಅದರ ಸಿಳ್ಳೆ ಶುದ್ಧ ಸ್ವರ, ಮಳೆಯ ಸದ್ದು ಎಲ್ಲ ಕಡೆ ಹರಡಿದ ಸದ್ದು. ಎರಡನ್ನೂ ಬೇರೆ ಮಾಡಲು ಆಗುತ್ತದೆ.

ಎಣಿಸುವುದು ಆಮೇಲೆ. ಮೊದಲ ದಿನ ಮೈಕ್‌ನಿಂದ ಬಂದ ಅಂಕಿಯನ್ನು ಏನೂ ಮಾಡದೆ ಸ್ಪೀಕರ್‌ಗೆ ಕಳಿಸು. ಸ್ಪೀಕರ್‌ಗೆ ಮ್ಯಾಕ್ಸ್98357ಎ ಎಂಬ ಪುಟ್ಟ ಆಂಪ್ಲಿಫೈಯರ್ ಬೇಕಾಗುತ್ತದೆ, ಅಣ್ಣನಿಗೆ ಹೇಳು. ಮೈಕ್ ಒಂದು ಕೋಣೆಯಲ್ಲಿ, ಸ್ಪೀಕರ್ ಇನ್ನೊಂದರಲ್ಲಿ ಇರಲಿ, ಇಲ್ಲದಿದ್ದರೆ ಕೂಗುತ್ತದೆ. ಮೈಕ್‌ನ ಎಲ್‌ಆರ್ ಪಿನ್ ಗ್ರೌಂಡ್‌ಗೆ ಸೇರಿಸು, ಆಗ ಅದು ಎಡಗಡೆ ಚಾನೆಲ್‌ನಲ್ಲಿ ಬರುತ್ತದೆ. 24 ಬಿಟ್ ಅಂಕಿ 32 ಬಿಟ್ ಜಾಗದಲ್ಲಿ ಮೇಲಕ್ಕೆ ಒತ್ತಿ ಕೂತಿರುತ್ತದೆ, ಅದನ್ನು ಕೆಳಗೆ ಜರುಗಿಸಬೇಕು. ಮೊದಲ ಸಲ ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ. ನಿನ್ನ ಸ್ವರ ಆ ಕೋಣೆಯಲ್ಲಿ ಸ್ವಚ್ಛವಾಗಿ ಕೇಳಿದ ಮೇಲೆ ಅಂಕಿಯನ್ನು 0.5ರಿಂದ ಗುಣಿಸು. ಸದ್ದು ಚಿಕ್ಕದಾಗುತ್ತದೆ. ಆ ಒಂದು ಸಾಲು ನೀನೇ ಬರೆದದ್ದು. ಮುಂದೆ ಬರುವ ಎಲ್ಲ ಫಿಲ್ಟರ್‌ಗಳೂ ಆ ಜಾಗದಲ್ಲೇ ಕೂರುತ್ತವೆ.

ಅದಾದ ಮೇಲೆ ಬೆಳಿಗ್ಗೆ ಬೇಗ ಎದ್ದು ಹಕ್ಕಿಯ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಟ್ಯೂನರ್‌ನಲ್ಲಿ ಅದರ ಸ್ವರಗಳ ಅಂಕಿ ಬರೆದಿಡು. ಒಂದೇ ಸ್ವರ ಇದೆಯಾ ಇಲ್ಲವಾ ಎಂದು ಹುಡುಕಲು ಗೋಯರ್ಟ್ಸೆಲ್ ಎಂಬವರು 1958ರಲ್ಲಿ ಕೊಟ್ಟ ಒಂದು ವಿಧಾನ ಇದೆ, ಪ್ರತಿ ಸ್ಯಾಂಪಲ್‌ಗೆ ಒಂದೇ ಒಂದು ಗುಣಾಕಾರ ಸಾಕು. ನಿನ್ನ ಅಂಕಿಗಳನ್ನು ಬರೆದು ಕಳಿಸು. ಮುಂದಿನ ಸಂಚಿಕೆಯಲ್ಲಿ ಅವನ್ನೇ ಇಟ್ಟುಕೊಂಡು ಆ ಪ್ರೋಗ್ರಾಂ ಬರೆಯುತ್ತೇನೆ.